‘ನಾನು’ ಮಾಯವಾದ ಕ್ಷಣ: ಎಲ್ಲ ಧರ್ಮದವರಿಗೂ ಆಗೋದು ಒಂದೇನಾ?

ಪ್ರಶ್ನೆ: ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂರ್ತೀನಿ ಸರ್. ಒಂದ್ಸಲ ಇದ್ದಕ್ಕಿದ್ದಂಗೆ ‘ನಾನು’ ಅನ್ನೋದೇ ಇಲ್ದಂಗಾಗಿ ಎಲ್ಲಾ ಒಂದೇ ಅನ್ನಿಸ್ತು, ಕೆಲವೇ ನಿಮಿಷ. ಆಮೇಲೆ ಎಷ್ಟು ಕೂತ್ರೂ ಅದು ಬರ್ತಿಲ್ಲ. ಸೂಫಿಗಳು, ಕ್ರಿಶ್ಚಿಯನ್ ಸಂತರು, ಶರಣರು, ಝೆನ್ ಬೌದ್ಧರು ಎಲ್ಲಾ ಹೇಳೋದು ಇದನ್ನೇನಾ? ಫ್ರೆಂಡ್ ಒಬ್ಬ ಇದೆಲ್ಲಾ ಬರೀ ಮಿದುಳಿನ ಕೆಮಿಕಲ್ ಅಂತ ನಗ್ತಾನೆ.

ಉತ್ತರ: ಮೊದಲು ಆ ‘ಬರ್ತಿಲ್ಲ’ ಅನ್ನೋ ಚಿಂತೆ ಬಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ಇಂಥ ಅನುಭವಗಳ ರಾಶಿ ಮುಂದಿಟ್ಕೊಂಡು ಅವುಗಳ ಗುರುತು ಹೇಳಿದ್ದ: ಮಾತಿಗೆ ಸಿಗಲ್ಲ, ಏನೋ ದೊಡ್ಡ ಸತ್ಯ ತಿಳೀತು ಅನ್ಸುತ್ತೆ, ಬೇಗ ಹೋಗ್ಬಿಡುತ್ತೆ, ಮತ್ತೆ ನಾವು ಮಾಡಿದ್ದಲ್ಲ ತಾನಾಗೇ ಬಂತು ಅನ್ಸುತ್ತೆ. ಬೇಕು ಅಂದಾಗ ಬರದೇ ಇರೋದು ಅದರ ಸ್ವಭಾವ.

ಎಲ್ಲರದ್ದೂ ಒಂದೇನಾ ಅನ್ನೋದಕ್ಕೆ ಇವತ್ತಿಗೂ ಜಗಳ ಮುಗಿದಿಲ್ಲ. ಒಳಗಿನ ತಿರುಳು ಒಂದೇ, ಧರ್ಮದ ಬಣ್ಣ ಆಮೇಲೆ ಹಚ್ಚಿದ್ದು ಅಂತ ತತ್ತ್ವಶಾಸ್ತ್ರಜ್ಞ ವಾಲ್ಟರ್ ಸ್ಟೇಸ್ 1960ರಲ್ಲಿ ವಾದ ಮಾಡ್ದ. 1978ರಲ್ಲಿ ಸ್ಟೀವನ್ ಕಾಟ್ಜ್ ಅನ್ನೋ ಇನ್ನೊಬ್ಬ ವಿದ್ವಾಂಸ ಅದನ್ನ ಪೂರ್ತಿ ತಿರುಗಿಸಿ, ಬಣ್ಣ ಆಮೇಲೆ ಹಚ್ಚೋದಲ್ಲ, ಅನುಭವ ಹುಟ್ಟೋದೇ ಆ ಬಣ್ಣದಲ್ಲಿ ಅಂದ. ಉದಾಹರಣೆಗೆ ಯಹೂದಿ ಸಾಧಕರು ಸಾಮಾನ್ಯವಾಗಿ ದೇವರಿಗೆ ಅಂಟಿಕೊಂಡೆ ಅಂತಾರೆ, ದೇವರೇ ಆದೆ ಅನ್ನಲ್ಲ. ಬೌದ್ಧರಿಗೆ ಸೇರ್ಕೊಳ್ಳೋಕೆ ಅಲ್ಲಿ ದೇವರೇ ಇಲ್ಲ. ನನಗೆ ಕಾಟ್ಜ್ ಮುಕ್ಕಾಲು ಪಾಲು ಸರಿ ಅನ್ಸುತ್ತೆ, ಉಳಿದ ಕಾಲು ಪಾಲಿಗೆ ಅವನ ಹತ್ರ ಉತ್ತರ ಇಲ್ಲ. ಯಾಕಂದ್ರೆ 1896ರಲ್ಲಿ ಮದುರೈನ ಮನೆಯಲ್ಲಿ 16ರ ಹುಡುಗ ವೆಂಕಟರಾಮನ್‌ಗೆ ದಿಢೀರ್ ಸಾವಿನ ಭಯ ಬಂತು, ಹೆಣದ ಥರ ಕೈಕಾಲು ಸೆಟೆಸ್ಕೊಂಡು ಮಲಗಿ ‘ದೇಹ ಸತ್ತಿತು, ಹಾಗಾದ್ರೆ ನಾನು ಯಾರು’ ಅಂತ ನೋಡ್ಕೊಂಡ, ಅಷ್ಟೊತ್ತಿಗೆ ಆತ ವೇದಾಂತದ ಪುಸ್ತಕ ಓದಿರಲಿಲ್ಲ, ಓದಿ ಇದು ಅದೇ ಅಂತ ಗುರುತಿಸಿದ್ದು ಆಮೇಲೆ, ಆ ಹುಡುಗನೇ ರಮಣ ಮಹರ್ಷಿ. ಇನ್ನೊಂದು, ಸಂಪ್ರದಾಯವೇ ಅನುಭವವನ್ನ ತಯಾರು ಮಾಡೋದಾದ್ರೆ ಅದೇ ಸಂಪ್ರದಾಯದವರಿಗೆ ತಮ್ಮದೇ ಅನುಭಾವಿಗಳ ಮೇಲೆ ಯಾಕೆ ಅಷ್ಟು ಸಿಟ್ಟು ಬರ್ಬೇಕಿತ್ತು? 1329ರಲ್ಲಿ ಪೋಪ್ ಜರ್ಮನಿಯ ಕ್ರಿಶ್ಚಿಯನ್ ಗುರು ಎಕ್‌ಹಾರ್ಟ್‌ನ 28 ಮಾತುಗಳ ಮೇಲೆ ಖಂಡನೆ ಹೊರಡಿಸ್ದ. ಸೂಫಿ ಸಂತ ಹಲ್ಲಾಜ್‌ನನ್ನ 922ರಲ್ಲಿ ಬಾಗ್ದಾದ್‌ನಲ್ಲಿ ಕೊಂದೇ ಹಾಕಿದ್ರು (ಅದರಲ್ಲಿ ರಾಜಕೀಯವೂ ಸಾಕಷ್ಟಿತ್ತು ಬಿಡಿ).

ಆದ್ರೆ ಒಂದು ವಿಷಯದಲ್ಲಿ ಬಹುತೇಕ ಎಲ್ಲರೂ ಒಟ್ಟಾಗಿ ನಿಲ್ತಾರೆ, ಇದನ್ನ ಜನ ಹೇಳೋದೇ ಕಡಿಮೆ. ಅನುಭವ ಬಂದ ತಕ್ಷಣ ಅದನ್ನ ಯಾರೂ ನಂಬಲ್ಲ! ಝೆನ್ ಗುರುಗಳ ಹತ್ರ ಹೋಗಿ ಧ್ಯಾನದಲ್ಲಿ ಬೆಳಕು ಕಾಣ್ತು, ಬುದ್ಧ ಕಂಡ ಅಂದ್ರೆ ಬಿಟ್ಹಾಕಿ ಕೂತ್ಕೋ ಅಂತಾರೆ. ಪತಂಜಲಿ ಸಿದ್ಧಿಗಳನ್ನೇ ಸಮಾಧಿಗೆ ಅಡ್ಡಿ ಅಂತಾನೆ. ಸ್ಪೇನಿನ ಸಂತ ಜಾನ್ ಆಫ್ ದ ಕ್ರಾಸ್ ಅಂತೂ ದರ್ಶನ ನಿಜವಾಗ್ಲೂ ದೇವರಿಂದಲೇ ಬಂದಿದ್ರೂ ಅದಕ್ಕೆ ಜೋತು ಬೀಳ್ಬೇಡಿ ಅಂದವನು. ಸೂಫಿಗಳಲ್ಲಿ ಜುನೈದ್‌ಗೆ ಅನುಭವದ ಅಮಲು ಏರೋದು ಕೊನೆಯಲ್ಲ, ಅದು ಇಳಿದು ಎಚ್ಚರದಲ್ಲಿ ನಾಲ್ಕು ಜನರ ಮಧ್ಯೆ ಬದುಕೋದು ಮೇಲಿನ ಹಂತ. ನಮ್ಮ ಶೂನ್ಯಸಂಪಾದನೆಯಲ್ಲಿ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಏನು ಹಾರ ಹಾಕಿ ಕರ್ಕೊಂಡನಾ? ಬಟ್ಟೆ ಬಿಟ್ಟವಳು ಕೂದಲಲ್ಲಿ ಯಾಕೆ ಮೈ ಮುಚ್ಕೊಂಡೆ ಅಂತ ಎಲ್ಲರ ಎದುರಿಗೇ ಕೆಣಕ್ತಾನೆ, ಅವಳು ಒಂದೊಂದಕ್ಕೂ ಉತ್ತರ ಕೊಟ್ಟು ನಿಂತ್ಮೇಲೇ ಒಪ್ತಾನೆ.

ನನಗೆ ತುಂಬಾ ಇಷ್ಟ ಸ್ಪೇನಿನ ಆವಿಲಾದ ಸಂತ ತೆರೇಸಾ. ಆಕೆಗೇ ದರ್ಶನಗಳು ಆಗ್ತಿದ್ವು, ಆದ್ರೂ 1577ರಲ್ಲಿ ಬರೆದಿರೋದು ನೋಡಿ, ಒಬ್ಬಳು ಎಂಟೆಂಟು ಗಂಟೆ ಮೈಮರೆತು ಬಿದ್ದಿರ್ತಿದ್ಲಂತೆ, ಸುತ್ತಲಿನವರು ದೊಡ್ಡ ಸಮಾಧಿ ಅಂದ್ಕೊಂಡಿದ್ರು, ಕಡೆಗೆ ಗೊತ್ತಾಗಿದ್ದು ಉಪವಾಸದ ನಿಶ್ಶಕ್ತಿ ಅಂತ, ಚೆನ್ನಾಗಿ ಊಟ ನಿದ್ದೆ ಮಾಡಿಸಿ ವ್ರತ ಕಮ್ಮಿ ಮಾಡಿಸಿದ್ಮೇಲೆ ಎಲ್ಲಾ ನಿಂತೋಯ್ತು. ಹದಿನಾರನೇ ಶತಮಾನದ ಸನ್ಯಾಸಿನಿಗೆ ಇಷ್ಟು ಪ್ರಾಕ್ಟಿಕಲ್ ಬುದ್ಧಿ!

ಇನ್ನು ನಿಮ್ಮ ಫ್ರೆಂಡ್ ಮಾತು. ಕೆಮಿಕಲ್‌ನಿಂದ ಇಂಥದ್ದು ಆಗುತ್ತೆ ಅನ್ನೋದು ನಿಜ. 1962ರ ಗುಡ್ ಫ್ರೈಡೇ ದಿನ ಬಾಸ್ಟನ್‌ನಲ್ಲಿ ವಾಲ್ಟರ್ ಪಾಂಕಿ ಅನ್ನೋ ಸಂಶೋಧಕ 20 ಜನ ಥಿಯಾಲಜಿ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಸೈಲೋಸೈಬಿನ್ (ಕೆಲವು ಅಣಬೆಗಳಲ್ಲಿರೋ, ಭ್ರಮೆ ತರಿಸೋ ರಾಸಾಯನಿಕ) ಕೊಟ್ಟ, ಅವರಲ್ಲಿ ಹೆಚ್ಚಿನವರು ಥೇಟ್ ಸಂತರ ಥರಾನೇ ವರ್ಣನೆ ಮಾಡಿದ್ರು. ಆ ಪ್ರಯೋಗದಲ್ಲಿ ಇದ್ದ ಧರ್ಮಗಳ ವಿದ್ವಾಂಸ ಹಸ್ಟನ್ ಸ್ಮಿತ್ ಆಮೇಲೆ ಹೇಳಿದ್ದಿಷ್ಟು, ಡ್ರಗ್ ಧಾರ್ಮಿಕ ಅನುಭವ ಕೊಡಬಹುದೇನೋ, ಧಾರ್ಮಿಕ ಬದುಕು ಕೊಡುತ್ತೆ ಅನ್ನೋದು ಅಷ್ಟು ಸ್ಪಷ್ಟ ಇಲ್ಲ. ಆದ್ರೆ ‘ಬರೀ’ ಅನ್ನೋದನ್ನ ನಾನು ಒಪ್ಪಲ್ಲ. ಎರಡು ಎರಡು ನಾಲ್ಕು ಅಂತ ಲೆಕ್ಕ ಹಾಕೋವಾಗ್ಲೂ ಮಿದುಳು ಕೆಲಸ ಮಾಡ್ತಿರುತ್ತೆ, ಅಷ್ಟಕ್ಕೇ ನಾಲ್ಕು ಸುಳ್ಳಾಗಲ್ವಲ್ಲ. ಹಾಗಂತ ನಿಮ್ಮ ಅನುಭವದಲ್ಲಿ ಕಂಡದ್ದು ನಿಜ ಅಂತಾನೂ ಮಿದುಳಿನ ಸ್ಕ್ಯಾನ್ ಹೇಳಲ್ಲ.

ಧ್ಯಾನ ಮುಂದುವರೆಸಿ, ಅದೇ ಅನುಭವ ಬರ್ಲಿ ಅಂತ ಟೈಮ್ ಜಾಸ್ತಿ ಮಾಡೋಕೆ, ಊಟ ನಿದ್ದೆ ಬಿಡೋಕೆ ಹೋಗ್ಬೇಡಿ. ‘ನಾನು ಇಲ್ಲ’ ಅನ್ನೋದು ದಿನಗಟ್ಟಲೆ ಇಳೀದೆ ಭಯ ಆಗ್ತಿದ್ರೆ, ನಿದ್ದೆ ಹೋದ್ರೆ, ಅಥವಾ ಮಧ್ಯೆ ಎಚ್ಚರ ತಪ್ಪೋದು, ಇಲ್ಲದ ವಾಸನೆ ಬರೋದು ಇದ್ರೆ ಕೂರೋದನ್ನ ನಿಲ್ಸಿ ಡಾಕ್ಟರ್‌ನ ನೋಡಿ. ಕೆಲವು ಥರದ ಮೂರ್ಛೆರೋಗದಲ್ಲೂ ಇಂಥದ್ದೇ ಆನಂದ ಬರೋದುಂಟು, ಅದಕ್ಕೆ ಔಷಧಿ ಇದೆ.