ಊರು, ಉರ್, ಉರ್ಬ್ಸ್: ಸದ್ದು ಒಂದಾದರೆ ನಂಟೂ ಒಂದೇ?

ಪ್ರಶ್ನೆ: ಕನ್ನಡದ ‘ಊರು’, ಸುಮೇರಿಯಾದ ಪ್ರಾಚೀನ ನಗರ ‘ಉರ್’, ಇಂಗ್ಲಿಷಿನ ‘ಅರ್ಬನ್’ ಈ ಮೂರಕ್ಕೂ ಬೇರು ಒಂದೇ ಎಂದು ಹಲವು ಕಡೆ ಓದಿದ್ದೇನೆ. ಇದು ಸರಿಯೇ?

ಉತ್ತರ: ಸರಿ ಎನ್ನಲು ಆಧಾರವಿಲ್ಲ. ಏಕಿಲ್ಲ ಎಂಬುದಕ್ಕೆ ಕನ್ನಡದಿಂದಲೇ ಶುರು ಮಾಡೋಣ. ‘ಊರು’ ಎಂಬ ಒಂದೇ ರೂಪದೊಳಗೆ ಕನ್ನಡದಲ್ಲೇ ನಾಲ್ಕು ಬೇರೆ ಬೇರೆ ಪದಗಳು ಬಂದು ಕೂತಿವೆ.

ಜನ ವಾಸಿಸುವ ಊರು ಮೊದಲನೆಯದು. ಇದು ತಮಿಳು, ಮಲಯಾಳಗಳಲ್ಲಿ ‘ಊರ್’, ತೆಲುಗಿನಲ್ಲಿ ‘ಊರು’. ಕೊನೆಯ ಉಕಾರ ಉಚ್ಚಾರಣೆಯ ಅನುಕೂಲಕ್ಕೆ ಸೇರಿದ್ದು. ಹಳಗನ್ನಡದಲ್ಲಿ ಅದು ‘ಊರ್’ ಅಷ್ಟೇ. ಬಾಯಲ್ಲಿ ನೀರೂರುವುದು ಎನ್ನುವಾಗಿನ ‘ಊರು’ ಎರಡನೆಯದು: ಒಸರು, ಜಿನುಗು ಎಂಬ ಅರ್ಥ. ಕಾಲೂರು, ಊರುಗೋಲು ಎನ್ನುವಲ್ಲಿರುವುದು ಮೂರನೆಯದು: ಒತ್ತಿ ನಿಲ್ಲಿಸು, ನೆಡು. ಈ ಎರಡು ಕ್ರಿಯಾಪದಗಳನ್ನು ಹಳಗನ್ನಡದಲ್ಲಿ ಶಕಟರೇಫದಿಂದ, ಅಂದರೆ ‘ಱ’ ಎಂಬ ಹಳೆಯ ಅಕ್ಷರದಿಂದ, ‘ಊಱು’ ಎಂದು ಬರೆಯುತ್ತಿದ್ದರು. ಕನ್ನಡದಲ್ಲಿ ಱಕಾರ ಕರಗಿ ರಕಾರದೊಂದಿಗೆ ಸೇರಿಹೋದ ಮೇಲೆ ಎಲ್ಲವೂ ಒಂದೇ ಆಗಿ ಕೇಳತೊಡಗಿದವು. ತಮಿಳಿನಲ್ಲಿ ಇವು ಇಂದಿಗೂ ಬೇರೆ ಬೇರೆ: ವಸತಿಗೆ ‘ಊರ್’, ಒಸರುವುದಕ್ಕೆ ‘ಊಱು’, ನೆಡುವುದಕ್ಕೆ ‘ಊನ್ಱು’. ನಾಲ್ಕನೆಯದು ಸಂಸ್ಕೃತದಿಂದ ಬಂದ ‘ಊರು’. ಅದಕ್ಕೆ ತೊಡೆ ಎಂದರ್ಥ; ಊರುಭಂಗ ಎಂದರೆ ತೊಡೆ ಮುರಿಯುವುದು. ಒಂದೇ ಭಾಷೆಯೊಳಗೆ ಇಷ್ಟು ಗೊಂದಲ ಸಾಧ್ಯವಾದರೆ, ಸಾವಿರಾರು ಮೈಲಿ, ಸಾವಿರಾರು ವರ್ಷ ದೂರದ ಭಾಷೆಯ ಪದವೊಂದು ಹಾಗೇ ಕೇಳಿಸಿತೆಂದು ನಂಟು ಹೇಳಲಾಗದು.

ಇನ್ನು ಇರಾಕಿನ ಉರ್. ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಉತ್ಖನನ ನಡೆಸಿದ ಈ ನಗರವನ್ನು ಸುಮೇರಿಯನ್ನರು ಕರೆಯುತ್ತಿದ್ದದ್ದು ‘ಉರಿಮ್’ ಎಂದು. ‘ಉರ್’ ನಮಗೆ ಪರಿಚಯವಾದದ್ದು ಹೀಬ್ರೂ ಬೈಬಲ್ಲಿನ ರೂಪದಿಂದ. ಅಂದರೆ ಹೋಲಿಕೆ ಕಾಣುತ್ತಿರುವುದು ಸವೆದ ರೂಪದಲ್ಲಿ. ಮೂಲ ರೂಪದಲ್ಲಿ ಮಕಾರ ಅಡ್ಡ ಬರುತ್ತದೆ. ನಗರ ಎಂಬುದಕ್ಕೆ ಸುಮೇರಿಯನ್ನಿನಲ್ಲಿ ಬೇರೆಯೇ ಪದವಿದೆ. ಅದನ್ನು ವಿದ್ವಾಂಸರು ‘ಉರು’ ಎಂದೂ ‘ಇರಿ’ ಎಂದೂ ಓದುತ್ತಾರೆ. ಅದು ನಮ್ಮ ಊರಿಗೆ ನಿಜಕ್ಕೂ ಹತ್ತಿರ ಕೇಳಿಸುತ್ತದೆ. ಆದರೆ ಸುಮೇರಿಯನ್ ಯಾವ ಭಾಷಾಕುಟುಂಬಕ್ಕೂ ಸೇರಿದ್ದೆಂದು ಸಿದ್ಧವಾಗಿಲ್ಲ. ಕೈಕಾಲು, ಅಂಕಿ, ಸರ್ವನಾಮಗಳಂಥ ದಿನಬಳಕೆಯ ಹತ್ತಾರು ಪದಗಳು ಕ್ರಮಬದ್ಧವಾಗಿ ಹೊಂದದೆ ಬರೀ ಒಂದು ಪದದಿಂದ ಏನೂ ನಿಲ್ಲುವುದಿಲ್ಲ.

‘ಅರ್ಬನ್’ ಬಂದದ್ದು ಲ್ಯಾಟಿನ್ನಿನ ‘ಉರ್ಬ್ಸ್’ನಿಂದ. ವಿಭಕ್ತಿ ಸೇರಿದರೆ ‘ಉರ್ಬಿಸ್’, ‘ಉರ್ಬೆಮ್’. ಎಲ್ಲೆಡೆ ಬಕಾರ ಗಟ್ಟಿಯಾಗಿ ನಿಲ್ಲುತ್ತದೆ. ಅದು ಪದದ ಮೂಲರೂಪದ ಭಾಗ. ಅದನ್ನು ಕತ್ತರಿಸಿ ‘ಉರ್’ ಉಳಿಸಿಕೊಳ್ಳುವುದು ನಮ್ಮ ಅನುಕೂಲಕ್ಕೆ ಮಾಡುವ ಕೆಲಸ.

ಸ್ಪೇನ್-ಫ್ರಾನ್ಸ್ ಗಡಿಭಾಗದ ಬಾಸ್ಕ್ ಭಾಷೆಯಲ್ಲಿ ‘ಉರ್’ ಎಂದರೆ ನೀರು. ನೀರಿದ್ದಲ್ಲಿ ತಾನೇ ಊರು ಎಂದು ಇದನ್ನೂ ಸೇರಿಸಿಕೊಳ್ಳುವ ಆಸೆಯಾಗುತ್ತದೆ. ಜರ್ಮನ್ನಿನಲ್ಲಿ ‘ಉರ್’ ಪೂರ್ವಪ್ರತ್ಯಯ: ‘ಗ್ರೋಸ್‌ಫಾಟರ್’ ಅಜ್ಜನಾದರೆ ‘ಉರ್‌ಗ್ರೋಸ್‌ಫಾಟರ್’ ಮುತ್ತಜ್ಜ. ಪುರಾತನ ಎಂಬ ಎಳೆ ಹಿಡಿದು ಇದನ್ನೂ ಎಳೆದು ತರಬಹುದು. ಅರ್ಥವನ್ನು ಇಷ್ಟು ಸಡಿಲ ಬಿಟ್ಟರೆ ಹೊಂದದ ಪದವೇ ಇರುವುದಿಲ್ಲ.

ಪ್ರಶ್ನೆ: ಸದ್ದೂ ಒಂದೇ, ಅರ್ಥವೂ ಒಂದೇ ಆಗಿದ್ದರೆ? ‘ಬದನಾಮಿ’ಯ ‘ಬದ್’ ಮತ್ತು ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥವಲ್ಲವೇ?

ಉತ್ತರ: ಹೌದು, ಆದರೂ ಇವೆರಡು ನೆಂಟರಲ್ಲ. ‘ಬದನಾಮಿ’ಯ ‘ಬದ್’ ಪಾರ್ಸಿ (ಪರ್ಷಿಯನ್) ಭಾಷೆಯದು; ಮಧ್ಯಕಾಲೀನ ಪಾರ್ಸಿಯಲ್ಲಿ ಅದು ‘ವದ್’ ಆಗಿತ್ತು. ಆಮೇಲೆ ವಕಾರ ಬಕಾರವಾಯಿತು. ಇಂಗ್ಲಿಷ್ ಪದ ಅದರ ಹಳೆಯ ರೂಪ ‘ಬ್ಯಾಡ್ಡೆ’ಯಲ್ಲೂ ಬಕಾರದಿಂದಲೇ ಶುರುವಾಗುತ್ತದೆ. ಹಿಂದೆ ಹೋದಂತೆ ಎರಡೂ ದೂರವಾಗುತ್ತವೆ. ನಿಜವಾದ ನೆಂಟರಾಗಿದ್ದರೆ ಹಿಂದೆ ಹೋದಂತೆ ಹತ್ತಿರವಾಗಬೇಕಿತ್ತು.

ಇದಕ್ಕಿಂತ ಸೊಗಸಾದ ಉದಾಹರಣೆ ಆಸ್ಟ್ರೇಲಿಯದ ಮೂಲನಿವಾಸಿಗಳ ಎಂಬಾಬರಮ್ ಭಾಷೆಯದು. ಅಲ್ಲಿ ನಾಯಿಗೆ ‘ಡಾಗ್’ ಎಂದೇ ಹೆಸರು! ಇಂಗ್ಲಿಷರಿಂದ ಪಡೆದದ್ದೆಂದು ಯಾರಿಗಾದರೂ ಅನಿಸಬೇಕು. ಆದರೆ ನೆರೆಯ ಯಿಡಿನ್ ಭಾಷೆಯಲ್ಲಿ ನಾಯಿ ‘ಗುಡಗ’, ಡ್ಯಿರ್ಬಲ್‌ನಲ್ಲಿ ‘ಗುಡ’. ಎಂಬಾಬರಮ್ ಭಾಷೆ ಪದಗಳ ಮೊದಲ ಭಾಗವನ್ನು ಕಳಚಿಕೊಂಡಿದೆ. ಕೊನೆಯ ಸ್ವರವೂ ಬಿದ್ದು, ನಡುವಿನ ಸ್ವರ ಬದಲಾಗಿ ‘ಗುಡಗ’ವೇ ‘ಡಾಗ್’ ಆಯಿತು. ಇದನ್ನು ಬಿಡಿಸಿ ತೋರಿಸಿದವರು ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್.

ಪ್ರಶ್ನೆ: ಹಾಗಾದರೆ ನಾವೇ ಪರೀಕ್ಷಿಸುವುದು ಹೇಗೆ?

ಉತ್ತರ: ಮೊದಲು ಎರಡೂ ಪದಗಳ ಸಿಕ್ಕಷ್ಟು ಹಳೆಯ ರೂಪ ಹುಡುಕಿ. ಇಂದಿನ ರೂಪಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡಬೇಡಿ. ಆಮೇಲೆ ಆಯಾ ಭಾಷೆಯ ಸೋದರಭಾಷೆಗಳಲ್ಲಿ ಆ ಪದ ಹೇಗಿದೆ ನೋಡಿ. ಮೂರನೆಯದು ಮುಖ್ಯ: ಧ್ವನಿ ವ್ಯತ್ಯಾಸ ಒಂದು ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಿದೆಯೇ? ತಮಿಳಿನ ‘ವಾ’ ಕನ್ನಡದಲ್ಲಿ ‘ಬಾ’, ‘ವೇರ್’ ಎಂಬುದು ‘ಬೇರು’. ತಮಿಳಿನ ‘ಪಾಲ್’ ಕನ್ನಡದಲ್ಲಿ ‘ಹಾಲು’, ‘ಪಲ್’ ಎಂಬುದು ‘ಹಲ್ಲು’. ಈ ಸಾಲು ಬೆಳೆಯುತ್ತ ಹೋಗುತ್ತದೆ. ನಂಟಿಗೆ ಸಾಕ್ಷಿ ಈ ಕ್ರಮವೇ. ಸಂಸ್ಕೃತದ ‘ಚಕ್ರ’ಕ್ಕೂ ಇಂಗ್ಲಿಷಿನ ‘ವೀಲ್’ಗೂ ಕೇಳಲು ಏನೂ ಹೋಲಿಕೆಯಿಲ್ಲ, ಆದರೂ ಅವು ಒಂದೇ ಇಂಡೋ-ಯುರೋಪಿಯನ್ ಮೂಲದವು, ಧ್ವನಿನಿಯಮಗಳು ಅವನ್ನು ಬೆಸೆಯುತ್ತವೆ. ಎರವಲು ಎನಿಸಿದರೆ ಪದ ಬಂದ ದಾರಿ ಮತ್ತು ಕಾಲ ಎರಡನ್ನೂ ತೋರಿಸಬೇಕು.

ಎಡವುವುದು ಹೆಚ್ಚಾಗಿ ಚಿಕ್ಕ ಪದಗಳಲ್ಲಿ. ಒಂದು ಭಾಷೆಯಲ್ಲಿ 5 ಸ್ವರ, 15 ವ್ಯಂಜನ ಇವೆ ಎಂದಿಟ್ಟುಕೊಳ್ಳಿ. ಒಂದು ಸ್ವರ, ಒಂದು ವ್ಯಂಜನ ಸೇರಿದ ‘ಉರ್’ನಂಥ ರೂಪಗಳು ಒಟ್ಟು 75 ಮಾತ್ರ. ಹ್ರಸ್ವ, ದೀರ್ಘ ಬೇರೆ ಮಾಡಿದರೂ 150. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿರುವಾಗ ಇಂಥ ರೂಪ ಹಲವೆಡೆ ಸಿಗದಿದ್ದರೇ ಆಶ್ಚರ್ಯ. ಮೂರು, ನಾಲ್ಕು ವ್ಯಂಜನಗಳಿರುವ ಉದ್ದನೆಯ ಪದ ಅರ್ಥಸಮೇತ ಹೊಂದಿದರೆ ಆಗ ಕಿವಿ ನಿಮಿರಿಸಬೇಕು.

ಪ್ರಶ್ನೆ: ಕೊರಿಯನ್ ಭಾಷೆಯಲ್ಲೂ ತಂದೆಯನ್ನು ‘ಅಪ್ಪ’ ಎನ್ನುತ್ತಾರಂತೆ?

ಉತ್ತರ: ಎನ್ನುತ್ತಾರೆ. ಹೀಬ್ರೂವಿನಲ್ಲಿ ‘ಅಬ್ಬಾ’. ಕೂಸಿನ ಬಾಯಲ್ಲಿ ಮೊದಲು ಹೊರಡುವುದು ತುಟಿಯ ಧ್ವನಿಗಳಾದ ಪ, ಬ, ಮ. ಹತ್ತಿರವಿದ್ದ ದೊಡ್ಡವರು ಅದನ್ನು ತಮ್ಮ ಹೆಸರಾಗಿ ತೆಗೆದುಕೊಂಡರು. ಹಾಗಾಗಿ ನಂಟಸ್ತನದ ಪರೀಕ್ಷೆಗೆ ಇಂಥ ಪದಗಳನ್ನು ಬಳಸಲೇಬಾರದು. ಯಾವ ಸದ್ದು ಯಾರ ಹೆಸರಾಗುತ್ತದೆ ಎಂಬುದೂ ಎಲ್ಲೆಡೆ ಒಂದೇ ಅಲ್ಲ: ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ.