ಬಾಡಿಗೆದಾರರ ಆಧಾರ್ ನಿಮ್ಮ ಮೊಬೈಲ್‌ನಲ್ಲಿ ಯಾಕಿದೆ?

(ಮನೆ, ಬಾಡಿಗೆ, ಕರಾರುಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ನಮ್ಮ ಅಂಕಣಕಾರ್ತಿ, ವಕೀಲರು, ಉತ್ತರಿಸುತ್ತಾರೆ.)

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ವಿಜಯನಗರದಲ್ಲಿ ಬೇರೆಯವರ ಮನೆಗಳನ್ನು ನೋಡಿಕೊಳ್ಳುತ್ತೇನೆ. ಓನರ್‌ಗಳಲ್ಲಿ ಹೆಚ್ಚಿನವರು ಅಮೆರಿಕ, ದುಬೈ ಕಡೆ ಇದ್ದಾರೆ. ಬಾಡಿಗೆಗೆ ಜನ ಹುಡುಕುವುದು, ಅಗ್ರಿಮೆಂಟ್, ರಿಪೇರಿ, ವಸೂಲಿ ಎಲ್ಲ ನನ್ನದೇ. ಮನೆ ಕೇಳಿ ಬಂದವರ ಆಧಾರ್, ಪ್ಯಾನ್, ಕಂಪನಿ ಐಡಿ, ಸಂಬಳದ ಸ್ಲಿಪ್ ತರಿಸಿಕೊಂಡು, ಓನರ್ ಮತ್ತು ಬ್ರೋಕರ್ ಇರುವ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಮೊನ್ನೆ ಒಬ್ಬ ಹುಡುಗಿ, ‘ಮೊದಲು ನಿಮ್ಮ ಪ್ರೈವೆಸಿ ಪಾಲಿಸಿ ತೋರಿಸಿ, ಆಮೇಲೆ ಆಧಾರ್ ಕೊಡುತ್ತೇನೆ’ ಎಂದಳು. ಇಂಟರ್‌ನೆಟ್‌ನಲ್ಲಿ ಸಿಗುವ ಪಾಲಿಸಿಗೆ ನನ್ನ ಹೆಸರು ಹಾಕಿಕೊಂಡರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಆ ಹುಡುಗಿ ಕೇಳಿದ್ದು ಸರಿಯಾಗಿದೆ.

ಪಾಲಿಸಿ ಬರೆಯುವ ಮುಂಚೆ ಒಂದು ಆಧಾರ್ ಪ್ರತಿ ಎಲ್ಲೆಲ್ಲಿ ಹೋಗುತ್ತದೆ ಎಂದು ನೀವೇ ಕೂತು ಬರೆಯಿರಿ. ನಿಮ್ಮ ಫೋನಿನ ಗ್ಯಾಲರಿ. ಅದರ ಬ್ಯಾಕಪ್. ಓನರ್ ಫೋನು. ಬ್ರೋಕರ್ ಫೋನು. ಪ್ರಿಂಟ್ ಹಾಕಿಸಲು ಕಳಿಸಿದ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್. ಮನೆ ಇಷ್ಟವಾಗದೆ ಹೊರಟು ಹೋದವರ ದಾಖಲೆಯೂ ಅಷ್ಟೂ ಕಡೆ ಉಳಿದಿರುತ್ತದೆ ಅಲ್ವಾ? ಅವರಿಗೂ ನಿಮಗೂ ಯಾವ ಸಂಬಂಧವೂ ಇಲ್ಲ, ಆದರೂ ಅವರ ಕಾಗದ ನಿಮ್ಮ ಹತ್ತಿರ ಇದೆ.

ಇದರಿಂದ ಏನಾಗುತ್ತದೆ ಎಂದು ತುಂಬಾ ಜನ ಕೇಳುತ್ತಾರೆ. ನನ್ನ ಕಕ್ಷಿದಾರರೊಬ್ಬರು ಗಂಡನ ಮನೆಯ ಹಿಂಸೆ ತಾಳಲಾರದೆ ಬೇರೆ ಮನೆ ಮಾಡಿದ್ದರು. ವಾರ ಕಳೆಯುವಷ್ಟರಲ್ಲಿ ಗಂಡನ ಕಡೆಯವರು ಬಾಗಿಲಲ್ಲಿ ನಿಂತಿದ್ದರು. ವಿಳಾಸ ಸಿಕ್ಕಿದ್ದು ಬ್ರೋಕರ್ ಗ್ರೂಪಿನಿಂದ. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಸುಮ್ನೆ ಫಾರ್ವರ್ಡ್ ಆಗಿತ್ತು. ಹಣದ ಮೋಸಕ್ಕಿಂತ ನನಗೆ ಜಾಸ್ತಿ ಭಯ ಇಂಥದ್ದರದ್ದೇ.

ಈಗ ಕಾನೂನು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವಿದೆ, ಅಂದರೆ 2027ರ ಮೇ. ಅಲ್ಲಿಯವರೆಗೆ ನಿಶ್ಚಿಂತೆ ಎಂದುಕೊಳ್ಳಬೇಡಿ. ವ್ಯವಹಾರಕ್ಕಾಗಿ ಜನರ ಮಾಹಿತಿ ಇಟ್ಟುಕೊಳ್ಳುವವರು ಪ್ರೈವೆಸಿ ಪಾಲಿಸಿ ಇಟ್ಟಿರಬೇಕು ಎಂದು 2011ರ ಐಟಿ ನಿಯಮಗಳೇ ಹೇಳುತ್ತವೆ. ಒಬ್ಬರೇ ನಡೆಸುವ ವ್ಯವಹಾರವೂ ಅದರಲ್ಲಿ ಸೇರುತ್ತದೆ.

ಹೊಸ ಕಾಯ್ದೆಯಲ್ಲಿ ಮಾಹಿತಿಯನ್ನು ಜೋಪಾನ ಮಾಡದಿದ್ದರೆ ದಂಡ ಗರಿಷ್ಠ 250 ಕೋಟಿ ರೂಪಾಯಿ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ತಪ್ಪು ಎಷ್ಟು ದೊಡ್ಡದು ಎಂದು ನೋಡಿ, ಈ ಕಾಯ್ದೆಯ ಪ್ರಕಾರ ದೂರು ವಿಚಾರಿಸುವ ದತ್ತಾಂಶ ಸಂರಕ್ಷಣಾ ಮಂಡಳಿ ದಂಡ ನಿರ್ಧರಿಸುತ್ತದೆ. ಮಾಹಿತಿ ಯಾಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವವರು ಓನರ್ ಆದರೆ ಹೊಣೆಯೂ ಅವರದೇ. ಅವರ ಪರವಾಗಿ ನೀವು ಅದನ್ನು ಇಟ್ಟುಕೊಳ್ಳಲು ಲಿಖಿತ ಒಪ್ಪಂದ ಇರಲಿ. ದುಬೈನಲ್ಲಿರುವ ಓನರ್‌ಗೆ ಇದನ್ನು ಈಗಲೇ ತಿಳಿಸಿ.

ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಪಾಲಿಸಿ ಶುರುವಾಗುವುದು ಏನನ್ನು ಕೇಳುವುದಿಲ್ಲ ಎಂಬಲ್ಲಿಂದ. ಬಾಡಿಗೆದಾರರ ಪ್ಯಾನ್ ನಿಮಗೆ ಸಾಮಾನ್ಯವಾಗಿ ಬೇಕಿಲ್ಲ. ನಿಜ ಹೇಳಬೇಕೆಂದರೆ ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗಾಗಿ ಅವರಿಗೇ ಓನರ್‌ನ ಪ್ಯಾನ್ ಬೇಕಾಗುತ್ತದೆ! ಸಂಬಳದ ಸ್ಲಿಪ್ ನೋಡಿ ವಾಪಸ್ ಕೊಡಿ, ಫೋಟೊ ತೆಗೆಯಬೇಡಿ. ಆಧಾರ್ ಬೇಕೇ ಬೇಕು ಎಂದರೆ ಮಾಸ್ಕ್ಡ್ ಆಧಾರ್ ಕೇಳಿ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ವೆಬ್‌ಸೈಟಿನಲ್ಲಿ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಅಗ್ರಿಮೆಂಟಿನಲ್ಲಿ ಗುರುತಿಗೆ ಅಷ್ಟು ಸಾಕು. ಪೊಲೀಸ್ ವೆರಿಫಿಕೇಶನ್ ಫಾರಂ ಸ್ಟೇಷನ್‌ಗೆ ಮಾತ್ರ ಹೋಗಲಿ, ಗ್ರೂಪಿಗಲ್ಲ. ಜಾತಿ ಯಾವುದು, ಮದುವೆ ಯಾವಾಗ ಎಂಬ ಪ್ರಶ್ನೆಗಳನ್ನು ದಯವಿಟ್ಟು ಇವತ್ತೇ ನಿಲ್ಲಿಸಿ.

ಎರಡನೆಯದು, ಅಳಿಸುವ ದಿನ. ಇದನ್ನು ಅಡ್ವಾನ್ಸ್ ವಾಪಸ್ ಕೊಡುವ ದಿನಕ್ಕೆ ಕಟ್ಟಿಬಿಡಿ. ಪೇಂಟಿಂಗ್ ಖರ್ಚು, ಕರೆಂಟ್ ಬಿಲ್ ಲೆಕ್ಕ ಹಾಕಿ ಹಣ ಕೊಡುವಾಗಲೇ ಅವರ ಎದುರಿಗೆ ಗುರುತಿನ ಚೀಟಿಯ ಪ್ರತಿ ಅಳಿಸಿ, ಬ್ಯಾಕಪ್‌ನಿಂದಲೂ ತೆಗೆಯಿರಿ. ಅಗ್ರಿಮೆಂಟ್ ಮತ್ತು ರಸೀದಿ ಮಾತ್ರ ಇಟ್ಟುಕೊಳ್ಳಿ. ಬಾಕಿ ಬಾಡಿಗೆಯ ದಾವೆಗೆ 3 ವರ್ಷದ ಕಾಲಮಿತಿ ಇರುವುದರಿಂದ ಅಷ್ಟು ವರ್ಷ ಅವು ಬೇಕಾಗಬಹುದು.

ಇಷ್ಟು ಮಾಡಿದ ಮೇಲೆ ಪಾಲಿಸಿ ಅರ್ಧ ಪುಟವೂ ಆಗುವುದಿಲ್ಲ. ಹೀಗೆ ಬರೆಯಬಹುದು:

‘ನಿಮ್ಮ ಹೆಸರು, ಫೋನ್ ನಂಬರ್, ಮಾಸ್ಕ್ಡ್ ಆಧಾರ್ ಮತ್ತು ತುರ್ತಿಗೆ ಒಂದು ನಂಬರ್ ಮಾತ್ರ ಪಡೆಯುತ್ತೇನೆ. ಅಗ್ರಿಮೆಂಟ್ ಮಾಡಲು, ಬಾಡಿಗೆ ಮತ್ತು ರಿಪೇರಿ ವಿಷಯ ಮಾತಾಡಲು ಇವನ್ನು ಬಳಸುತ್ತೇನೆ. ಮನೆಯ ಓನರ್‌ಗೆ ಕೊಡುತ್ತೇನೆ, ಕಾನೂನು ಪ್ರಕಾರ ಕೇಳಿದರೆ ಪೊಲೀಸರಿಗೆ ಕೊಡುತ್ತೇನೆ. ಬ್ರೋಕರ್‌ಗೆ, ಪ್ಲಂಬರ್‌ಗೆ, ಬೇರೆ ಯಾರಿಗೂ ನಿಮ್ಮನ್ನು ಕೇಳದೆ ಕೊಡುವುದಿಲ್ಲ. ನೀವು ಮನೆ ತೆಗೆದುಕೊಳ್ಳದಿದ್ದರೆ 7 ದಿನದೊಳಗೆ, ಮನೆ ಬಿಟ್ಟರೆ ಅಡ್ವಾನ್ಸ್ ಕೊಡುವ ದಿನ ಅಳಿಸುತ್ತೇನೆ. ಅಗ್ರಿಮೆಂಟ್ ಮತ್ತು ರಸೀದಿಗಳನ್ನು ಮಾತ್ರ 3 ವರ್ಷ ಇಟ್ಟಿರುತ್ತೇನೆ. ನನ್ನ ಹತ್ತಿರ ಏನಿದೆ ಎಂದು ಯಾವಾಗ ಬೇಕಾದರೂ ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು. ದೂರಿದ್ದರೆ ಈ ನಂಬರಿಗೆ ತಿಳಿಸಿ.’

ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಕೊಡಿ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಆಯ್ಕೆ ಜನರಿಗೆ ಇರಬೇಕೆಂದು ಹೊಸ ಕಾಯ್ದೆಯೇ ಹೇಳುತ್ತದೆ. ಫೋನ್ ಕಳೆದುಹೋದರೆ ಮುಚ್ಚಿಡಬೇಡಿ. ಬಾಡಿಗೆದಾರರಿಗೂ ಓನರ್‌ಗೂ ತಕ್ಷಣ ತಿಳಿಸಿ. ಹೊಸ ನಿಯಮ ಜಾರಿಯಾದ ಮೇಲೆ 72 ಗಂಟೆಯೊಳಗೆ ಮಂಡಳಿಗೂ ವಿವರ ಕೊಡಬೇಕಾಗುತ್ತದೆ. ಆ ವಾಟ್ಸಾಪ್ ಗ್ರೂಪಿನ ಹಳೆಯ ದಾಖಲೆಗಳನ್ನು ಅಳಿಸಿ, ಬ್ರೋಕರ್‌ಗಳಿಗೂ ಅಳಿಸಲು ಹೇಳಿ, ಗ್ರೂಪ್ ಮುಚ್ಚಿಬಿಡಿ.

ಪ್ರಶ್ನೆ: ನಾನು ಮಂಗಳೂರಿನವಳು. ಬೆಂಗಳೂರಿನ ಒಂದು ಪಿಜಿಯಲ್ಲಿದ್ದು ಊರಿಗೆ ವಾಪಸ್ ಬಂದೆ. ಈಗಲೂ ಬೇರೆ ಬೇರೆ ಪಿಜಿಗಳಿಂದ ನನಗೂ, ತುರ್ತಿಗೆಂದು ಕೊಟ್ಟಿದ್ದ ಅಪ್ಪನ ನಂಬರಿಗೂ ಫೋನ್ ಬರುತ್ತದೆ. ನನ್ನ ಆಧಾರ್, ಫೋಟೊ ಅಲ್ಲೇ ಇವೆ. ಏನು ಮಾಡಲಿ?

ಉತ್ತರ: ಫೋನ್ ಮಾಡಿ ಜಗಳ ಆಡಬೇಡಿ ತಂಗಿ, ಬರಹದಲ್ಲಿ ಕೇಳಿ. ‘ಇಂಥ ತಾರೀಖಿಗೆ ಪಿಜಿ ಬಿಟ್ಟಿದ್ದೇನೆ. ನನ್ನ ಆಧಾರ್ ಪ್ರತಿ, ಫೋಟೊ ಮತ್ತು ತಂದೆಯವರ ನಂಬರ್ ಅಳಿಸಿ. ಇವನ್ನು ಯಾರಿಗೆ ಕೊಟ್ಟಿದ್ದೀರಿ ಎಂದು ತಿಳಿಸಿ’ ಎಂದು ಮೆಸೇಜ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಿಜಿಸ್ಟರಿನಲ್ಲಿ ಹೆಸರು, ಬಂದುಹೋದ ತಾರೀಖು ಉಳಿಯಬಹುದು, ಅದಕ್ಕೆ ತಕರಾರು ಬೇಡ. ಅಳಿಸಿ ಎಂದು ಕೇಳುವ ಹಕ್ಕು ಹೊಸ ಕಾಯ್ದೆಯಡಿ ಪೂರ್ತಿ ಜಾರಿಯಾಗುವುದು ಮೇಲೆ ಹೇಳಿದ ಗಡುವಿನ ನಂತರ. ಆದರೂ ಈಗಲೇ ಬರೆದಿಟ್ಟ ಮೆಸೇಜ್ ಮುಂದೆ ದೂರು ಕೊಡುವಾಗ ಕೆಲಸಕ್ಕೆ ಬರುತ್ತದೆ.

ಅದರ ಜೊತೆ ನಿಮ್ಮ ಕೈಯಲ್ಲಿರುವುದನ್ನು ಇವತ್ತೇ ಮಾಡಿ. ಯುಐಡಿಎಐ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ, ಆಧಾರ್ ಎಲ್ಲೆಲ್ಲಿ ದೃಢೀಕರಣಕ್ಕೆ ಬಳಕೆಯಾಗಿದೆ ಎಂದು ನೋಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ತಿಳಿಯುತ್ತದೆ. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಮೈಸೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಮೇಂಟೆನೆನ್ಸ್ ಬಾಕಿ ಇರುವವರ ಪಟ್ಟಿಯನ್ನು ಬಾಡಿಗೆದಾರರ ಹೆಸರು, ಮೊಬೈಲ್ ನಂಬರ್ ಸಮೇತ ಲಿಫ್ಟ್ ಪಕ್ಕ ಅಂಟಿಸುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ಸಂಘಕ್ಕೆ ಬಾಕಿ ಕೊಡಬೇಕಾದವರು ಸದಸ್ಯರಾದ ಓನರ್. ಅವರಿಗೆ ಪತ್ರ ಬರೆದು ಕೇಳಬೇಕು. ಪಟ್ಟಿ ಹಾಕಲೇಬೇಕು ಎಂದರೆ ಫ್ಲ್ಯಾಟ್ ನಂಬರ್, ಮೊತ್ತ ಎರಡೇ ಸಾಕು. ಗೇಟಿನ ಆ್ಯಪ್‌ನಲ್ಲಿ ಮಕ್ಕಳ ಹೆಸರು, ಫೋಟೊ ಸೇರಿಸಿದ್ದರೆ ಅದನ್ನೂ ಮುಂದಿನ ಸಭೆಯಲ್ಲಿ ಎತ್ತಿ. 18 ವರ್ಷದೊಳಗಿನವರ ಮಾಹಿತಿಗೆ ಹೊಸ ಕಾಯ್ದೆ ತಂದೆ ಅಥವಾ ತಾಯಿಯ ಒಪ್ಪಿಗೆ ಕೇಳುತ್ತದೆ. ಬಾಡಿಗೆಗಿರುವ ತಂದೆತಾಯಿಯೂ ತಂದೆತಾಯಿಯೇ, ಅವರ ಬದಲು ಓನರ್ ಸಹಿ ಹಾಕಿದರೆ ನಡೆಯುವುದಿಲ್ಲ.