ಮನೆ ಮಗನಿಗೆ ಲೆಟರ್ ಯಾಕೆ?

ಈ ವಾರ ಬಂದ ಒಂದು ಪತ್ರ ಓದಿ ಮೈ ಉರಿಯಿತು. ಬರೆದವರ ಮೇಲಲ್ಲ. ಅವರು ಪತ್ರದ ಉದ್ದಕ್ಕೂ ಹೊಗಳಿರುವ ಒಬ್ಬರ ಮೇಲೆ.

ಬರೆದವರು ದಾವಣಗೆರೆಯ ಲಾರಿ ಮೆಕ್ಯಾನಿಕ್. ವಯಸ್ಸು 43. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ 22 ವರ್ಷದಿಂದ ದುಡಿಯುತ್ತಿದ್ದಾರೆ, ಈಗ ಅಲ್ಲಿನ ಹೆಡ್ ಮೇಸ್ತ್ರಿ. ಸಂಬಳ 24 ಸಾವಿರ. ಕಂಪನಿ ಸರ್ವೀಸ್ ಸೆಂಟರ್ ಒಂದರಲ್ಲಿ ಕೆಲಸ ಖಾಲಿ ಇದೆ ಅಂತ ಕೇಳಿ ಹೋದರು. ಐಟಿಐ ಸರ್ಟಿಫಿಕೇಟ್ ಇದೆಯಾ ಅಂದರು. ಇಲ್ಲ. ಅನುಭವದ ಲೆಟರ್ ಆದರೂ ಇದೆಯಾ ಅಂದರು. ಅದೂ ಇಲ್ಲ. ಆ ಕೆಲಸ ಕೊನೆಗೆ ಸಿಕ್ಕಿದ್ದು ಇವರ ಕೈಕೆಳಗೆ ಪಳಗಿದ ಐಟಿಐ ಹುಡುಗನಿಗೆ. "ಟ್ಯಾಪೆಟ್ ಅಡ್ಜಸ್ಟ್ ಮಾಡೋದನ್ನ ಅವನಿಗೆ ಕಲಿಸಿದ್ದೇ ನಾನು ಮೇಡಂ" ಎಂದು ಬರೆದಿದ್ದಾರೆ. ಈ ನಡುವೆ ಅವರ ಭಾಮೈದ 30 ಸಾವಿರಕ್ಕೆ ಐಟಿಐ ಸರ್ಟಿಫಿಕೇಟ್ ಮಾಡಿಸಿ ಕೊಡುತ್ತೇನೆ ಎಂದು ಐದು ಸಾವಿರ ಮುಂಗಡ ಇಸಿದುಕೊಂಡಿದ್ದಾನೆ. ಅದನ್ನು ತಗೊಳ್ಳಲೋ, ಈ ವಯಸ್ಸಿನಲ್ಲಿ ಐಟಿಐ ಸೇರಲೋ ಎಂಬುದು ಅವರ ಪ್ರಶ್ನೆ.

ಮೇಸ್ತ್ರಿಗಳೇ, ಭಾಮೈದನ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಐಟಿಐ ಸರ್ಟಿಫಿಕೇಟನ್ನು ಈಗ ಆನ್‌ಲೈನಿನಲ್ಲೇ ತಾಳೆ ನೋಡುತ್ತಾರೆ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಪೊಲೀಸ್ ಕೇಸೂ ಆಗುತ್ತದೆ. ಆಗ ಭಾಮೈದ ಫೋನ್ ಎತ್ತುವುದಿಲ್ಲ.

ಇನ್ನು ಆ ಹುಡುಗ. ಅವನ ಮೇಲೆ ನೀವು ಒಂದೂವರೆ ಪುಟ ಸಿಟ್ಟು ತೀರಿಸಿಕೊಂಡಿದ್ದೀರಿ. ಲಾರಿಯ ಹೊಗೆಯಲ್ಲಿನ ವಿಷಾನಿಲ ಅಳೆಯುವ ನಾಕ್ಸ್ ಸೆನ್ಸರ್ ಎರರ್ ತೋರಿಸಿತು ಅಂತ ಸೆನ್ಸರನ್ನೇ ಬದಲಾಯಿಸಿದ, ಮೂರೇ ದಿನಕ್ಕೆ ಗಾಡಿ ಪಿಕಪ್ ಇಲ್ಲದೆ ತೆವಳುತ್ತಾ ವಾಪಸ್ ಬಂತು, ಚಾಸಿಗೆ ಉಜ್ಜಿ ತೊಗಲು ಹೋಗಿದ್ದ ವೈರ್ ಹುಡುಕಿ ಕೊಟ್ಟಿದ್ದು ನಾನು ಎಂದಿದ್ದೀರಿ. ಒಪ್ಪಿದೆ. ಸ್ಕ್ಯಾನರ್ ಎಲ್ಲಿ ತೊಂದರೆ ಅಂತ ಬೆರಳು ತೋರಿಸುತ್ತದೆ ಅಷ್ಟೇ, ಯಾಕೆ ಅಂತ ಹುಡುಕಲು ಗಾಡಿಯ ಕೆಳಗೆ ಮಲಗಲೇಬೇಕು. ಅದು ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ಕೋರ್ಸಿನಲ್ಲಿ ಪೂರ್ತಿ ಬರುವ ವಿದ್ಯೆ ಅಲ್ಲ.

ಆದರೆ ಇನ್ನೊಂದು ಕಡೆ ನೀವೇ ಬರೆದಿದ್ದೀರಿ, ಎಂಜಿನ್ ಮಿಸ್ ಹೊಡೆದರೆ ಗಾಡಿ ಚಾಲೂ ಇಟ್ಟೇ ಒಂದೊಂದು ನಾಜಲ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಸತ್ತಿದೆ ಅಂತ ಕಂಡುಹಿಡಿಯುತ್ತೇನೆ ಎಂದು. ಹಳೇ ಪಂಪಿನ ಗಾಡಿಯಲ್ಲಿ ನಾಜಲ್ ತೆರೆದುಕೊಳ್ಳುತ್ತಿದ್ದದ್ದು ಸುಮಾರು 200–250 ಬಾರ್ ಒತ್ತಡಕ್ಕೆ. ಎಲ್ಲ ಮೇಸ್ತ್ರಿಗಳೂ ಹಾಗೇ ಮಾಡುತ್ತಿದ್ದರು. ಎಲ್ಲ ನಾಜಲ್‌ಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ 1,600 ಬಾರ್ ದಾಟಬಹುದು. ಚಾಲೂ ಇರುವಾಗ ಆ ನಟ್ ಬಿಚ್ಚಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳು ಹೋದರೂ ಹೋಯಿತು. 2020ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ಲಾರಿಯೆಲ್ಲ ಬಿಎಸ್-6, ಅಂದರೆ ಹೊಗೆಗೆ ಸರ್ಕಾರ ಹಾಕಿದ ಬಿಗಿ ಮಿತಿಯೊಳಗೆ ಓಡುವಂಥದ್ದು. ಯೂರಿಯಾ ಟ್ಯಾಂಕ್, ಹೊಗೆ ಫಿಲ್ಟರ್, ಸೆನ್ಸರು ಎಲ್ಲ ಸೇರಿ ಅದು ಬೇರೆಯೇ ಗಾಡಿ. ಸರ್ವೀಸ್ ಸೆಂಟರಿನವರು ಕಾಗದ ಕೇಳುವುದು ಬರೀ ದೌಲತ್ತಿನಿಂದಲ್ಲ. ಹುಡುಗನದೇನೂ ತಪ್ಪಿಲ್ಲ, ಅವನನ್ನು ಬಿಟ್ಟುಬಿಡಿ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಮೂರನೇ ಪುಟದ ಕೆಳಗೆ, ಸುಮ್ನೆ ನೆನಪಾಯಿತು ಎನ್ನುವ ಹಾಗೆ ಬರೆದಿದ್ದೀರಿ: "ಸಾವ್ಕಾರ್ರ ಹತ್ರ ಲೆಟರ್ ಕೇಳಿದೆ. ನೀನು ನಮ್ಮ ಮನೆ ಮಗ ಇದ್ದಂಗೆ, ಮನೆ ಮಗನಿಗೆ ಲೆಟರ್ ಯಾಕೆ ಅಂತ ನಕ್ಕರು. ಒಳ್ಳೇ ಮನುಷ್ಯ. ಅದಿರಲಿ."

ಅದಿರಲಿ ಅಂದರೆ ಹೇಗೆ? ನಿಮ್ಮ ಪತ್ರದ ಜೀವ ಇರುವುದೇ ಅಲ್ಲಿ.

ಈ ಅಂಕಣ ಓದುವವರಿಗೆ ಗೊತ್ತು, ಮನೆ ಮಗ, ಮನೆ ಮಗಳು ಎನ್ನುವ ಮಾಲೀಕರನ್ನು ಕಂಡರೆ ನನಗೆ ಆಗುವುದಿಲ್ಲ. ಹೊಲಿಗೆ ಅಂಗಡಿಯ ಹೆಣ್ಣುಮಕ್ಕಳು ಬರೆದಾಗಲೂ ಇದನ್ನೇ ಹೇಳಿದ್ದೆ. ಮಗ ಅಂದವರು ಆಸ್ತಿಯಲ್ಲಿ ಪಾಲು ಕೊಡುತ್ತಾರಾ? ಹೋಗಲಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತಾರಾ? ನಿಮ್ಮ ಮಗಳ ಮದುವೆಗೆ ಐವತ್ತು ಸಾವಿರ ಕೊಟ್ಟರು ಎಂದು ಎರಡು ಸಲ ಬರೆದಿದ್ದೀರಿ. ಅದನ್ನು ಸಂಬಳದಲ್ಲಿ ಮುರಿದುಕೊಂಡರು ಎಂಬುದನ್ನು ಒಂದೇ ಸಲ, ಅದೂ ಬ್ರಾಕೆಟ್ಟಿನಲ್ಲಿ.

ಸರಿ, ಲೆಕ್ಕ ಹಾಕೋಣ. ಗ್ಯಾರೇಜಿನಲ್ಲಿ ಹನ್ನೆರಡು ಜನ ಇದ್ದೇವೆ ಎಂದಿದ್ದೀರಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಐದು ವರ್ಷ ಸತತ ಕೆಲಸ ಮಾಡಿದವರಿಗೆ, ಬಿಟ್ಟು ಹೋಗುವಾಗ ಗ್ರ್ಯಾಚುಟಿ ಎನ್ನುವ ಇಡಿಗಂಟು ಕೊಡಬೇಕು. ತಾವೇ ರಾಜೀನಾಮೆ ಕೊಟ್ಟು ಹೋದರೂ ಕೊಡಬೇಕು. ಇದು ಈಗಿನದಲ್ಲ, 1972ರಿಂದ ಇದೆ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ದುಡಿದ ವರ್ಷಗಳಿಂದ ಗುಣಿಸಬೇಕು. ನಿಮ್ಮ 24 ಸಾವಿರವನ್ನು ಪೂರ್ತಿ ಹಿಡಿದರೆ 22 ವರ್ಷಕ್ಕೆ ಮೂರು ಲಕ್ಷದ ಮೇಲೆ ಬರುತ್ತದೆ. ಆ ಒಂದು ಸಾಲಿನ ಲೆಟರ್ ಕೊಟ್ಟರೆ, ನೀವು 22 ವರ್ಷ ಅಲ್ಲಿದ್ದಿರಿ ಎಂದು ಸಾವ್ಕಾರ್ರೇ ಸಹಿ ಹಾಕಿ ಒಪ್ಪಿದ ಹಾಗೆ. ನಗು ಬರುವುದಕ್ಕೆ ಕಾರಣ ಇದೆ, ಅಲ್ವಾ?

ನಮ್ಮದು ಗಿರಣಿಗಳ ಊರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ನಿಮ್ಮ ತಂದೆಯ ಕಾಲದವರು ಕಂಡಿದ್ದಾರೆ. ಕೈಯಲ್ಲಿ ಕಾಗದ ಇಲ್ಲದವನ ಮಾತು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ ಎಂದು ಅವರನ್ನು ಕೇಳಿದರೆ ಹೇಳುತ್ತಾರೆ.

ಐಟಿಐ ಬಗ್ಗೆ ಕೇಳಿದ್ದೀರಲ್ಲ. ಡೀಸೆಲ್ ಮೆಕ್ಯಾನಿಕ್ ಕೋರ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನಿಮಗೆ ಅದು ದೂರದ ದಾರಿ. ಹತ್ತಿರದ್ದು ಒಂದಿದೆ. ಕೆಲಸ ಮಾಡಿಯೇ ಕಲಿತವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಸರ್ಕಾರದ ಕೌಶಲ ಯೋಜನೆಯಲ್ಲೇ ಇದೆ, ಆರ್‌ಪಿಎಲ್ ಅನ್ನುತ್ತಾರೆ. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಅದು ಐಟಿಐಗೆ ಸಮ ಅಲ್ಲ, ಆದರೆ ಅಸಲಿ. ಬಿಎಸ್-6 ತರಬೇತಿ ಎಲ್ಲಿ ಸಿಕ್ಕರೂ ಬಿಡಬೇಡಿ, ನಿಮ್ಮ ಬೆರಳಿನ ಸಲುವಾಗಿ. ಆದರೆ ಎಲ್ಲಿಗೆ ಹೋದರೂ ಎಷ್ಟು ವರ್ಷ, ಎಲ್ಲಿ ದುಡಿದಿರಿ ಎಂದೇ ಕೇಳುತ್ತಾರೆ. ಮತ್ತೆ ಅದೇ ಲೆಟರ್.

ಹಾಗಾಗಿ ನಾನು ಹೇಳುವುದು ಒಂದೇ ಕೆಲಸ. ಸೋಮವಾರ ಬೆಳಗ್ಗೆ, ಮೊದಲ ಗಾಡಿ ಪಿಟ್ಟಿಗೆ ಇಳಿಯುವ ಮುಂಚೆ, ಅನುಭವ ಪತ್ರ ಬೇಕು ಎಂದು ಬಿಳಿ ಹಾಳೆಯಲ್ಲಿ ಬರೆದು ಸಾವ್ಕಾರ್ರ ಕೈಗೆ ಕೊಡಿ. ಸೇರಿದ ತಿಂಗಳು, ವರ್ಷ, ಈಗಿನ ಕೆಲಸ, ಸಂಬಳ ಎಲ್ಲ ಅದರಲ್ಲಿ ಇರಲಿ. ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ. ಗ್ರ್ಯಾಚುಟಿ ಮಾತು ಈಗಲೇ ಎತ್ತಬೇಡಿ. ಅವರು ಮತ್ತೆ ನಕ್ಕರೆ ನೀವೂ ನಗಿ, ಆದರೆ ಅದೇ ಕಾಗದವನ್ನು ಮಾರನೇ ದಿನ ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಸಂಬಳ ಫೋನ್‌ಪೇಗೆ ಬರುತ್ತದೆ ಎಂದಿದ್ದೀರಿ, ಬ್ಯಾಂಕಿನಿಂದ ಅದರ ಸ್ಟೇಟ್‌ಮೆಂಟ್ ತೆಗೆಸಿಡಿ. ಹದಿನೈದು ದಿನ ಕಳೆದರೂ ಉತ್ತರ ಬಾರದಿದ್ದರೆ ಎಲ್ಲ ಹಿಡಿದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಅಲ್ಲಿವರೆಗೆ ಸಿಟ್ಟಿನಲ್ಲಿ ಕೆಲಸ ಬಿಡಬೇಡಿ.

ಭಾಮೈದನಿಂದ ಆ ಐದು ಸಾವಿರ ಇವತ್ತೇ ವಾಪಸ್ ಇಸಿದುಕೊಳ್ಳಿ. ನಿಮ್ಮ ಹೆಂಡತಿಯನ್ನೇ ಮುಂದೆ ಬಿಡಿ, ಅವಳ ತಮ್ಮ ತಾನೇ.